ಜೋಕಾಲಿಯ ಟೊಂಗೆ

೧೭ ಫೆಬ್ರುವರಿ ೧೯೯೧, ರವಿವಾರ

ಈ ಬೇವಿನ ಗಿಡವನ್ನು ಕಡಿಸಿಬಿಡಬೇಕು.

ಬೆಳಗ್ಗೆ ಬಾಗಿಲು ತೆಗೆದರೆ ಅಂಗಳ ಕಾಣುವುದಿಲ್ಲ, ಬರೀ ಹಳದಿ ಎಲೆ. ಸೊಸೆ ಕಸ ಹೊಡೆದು ಗುಂಪೆ ಹಾಕಿ ಒಳಗೆ ಬರುವಷ್ಟರಲ್ಲಿ ಮತ್ತೆ ಅಷ್ಟೇ ಬಿದ್ದಿರುತ್ತದೆ. ನೀರಿನ ಹೌದಿನಲ್ಲಿ ಎಲೆ, ಮಾಳಿಗೆಯ ನೀರು ಹೋಗುವ ದೋಣಿಯಲ್ಲಿ ಎಲೆ, ನಿನ್ನೆ ನನ್ನ ಊಟದ ತಾಟಿನಲ್ಲೂ ಒಂದು. ಬೇರು ಹೋಗಿ ಹೌದಿನ ಗೋಡೆ ಬಿರಿಸಿದೆ. ಕಾಗೆಗಳಂತೂ ಈ ಗಿಡವನ್ನು ತಮ್ಮ ಹೆಸರಿಗೆ ಬರೆಸಿಕೊಂಡಿವೆ.

ದಿನಚರಿ ಬರೆಯಿರಿ, ಅಕ್ಷರ ದುಂಡಗಾಗುತ್ತದೆ, ಮನಸ್ಸು ಹಗುರಾಗುತ್ತದೆ ಎಂದು ಇಷ್ಟು ವರ್ಷ ಶಾಲೆಯ ಮಕ್ಕಳಿಗೆ ಹೇಳಿದವಳು ನಾನು. ನಾನೇ ಎಂದೂ ಬರೆದಿರಲಿಲ್ಲ. ಈಗ ಯಾರ ಜೊತೆಗೂ ಮಾತು ಬೇಡ ಎನ್ನಿಸುತ್ತದೆ, ಸುಮ್ಮನಿರಲೂ ಆಗುವುದಿಲ್ಲ. ಅದಕ್ಕೆ ಬರೆಯುತ್ತಿದ್ದೇನೆ.

ನನ್ನ ಮಗ ಬಾಳು ಹೋಗಿ ತಿಂಗಳಾಯಿತು. ಕಬ್ಬು ಹೇರಿದ ಟ್ರ್ಯಾಕ್ಟರ್ ಕಾಲುವೆ ದಾರಿಯಲ್ಲಿ ಮಗುಚಿಕೊಂಡಿತು. ಅವನಿಗೆ ಇಪ್ಪತ್ತೈದು ತುಂಬಿರಲಿಲ್ಲ. ಹೊರಗೆ ಜೀವ ಹೋದವರನ್ನು ಒಳಗೆ ಒಯ್ಯಬಾರದೆಂದು ತಂದವರು ಅವನನ್ನು ಈ ಗಿಡದ ಕೆಳಗೆ ಮಲಗಿಸಿದರು. ಅಂಗಳದಲ್ಲೆಲ್ಲ ಬಿಸಿಲಿತ್ತು, ಅವನ ಮೇಲೆ ಮಾತ್ರ ನೆರಳಿತ್ತು. ಆ ನೆರಳಿನಲ್ಲಿ ಹೊರಸು ಹಾಕಿಕೊಂಡು ಇನ್ನು ನಾನು ಹೇಗೆ ಕೂರಲಿ?

ಗಿಡ ಹಚ್ಚಿದವನೂ ಅವನೇ. ಎರಡನೆಯ ವರ್ಗದಲ್ಲಿದ್ದಾಗ ಶಾಲೆಯಲ್ಲಿ ಸಸಿ ಹಂಚಿದ್ದೆವು. ಬಾಗಿಲ ಮುಂದೆ ಬೇಡವೋ ಎಂದೆ. ಬಾಗಿಲ ಮುಂದೆಯೇ ಹಚ್ಚಿದ. ಹಟದಲ್ಲಿ ನನ್ನನ್ನೇ ಹೋಲುತ್ತಿದ್ದ.

೩ ಮಾರ್ಚ್, ರವಿವಾರ

ಗಿಡ ಕಡಿಯುವವನನ್ನು ಕರೆಸಿದ್ದೆ. ಕೊಡಲಿ ಮಸೆದುಕೊಂಡು ಬಂದ. ಮೊದಲು ಅಂಗಳದ ಮೇಲೆ ಅಡ್ಡ ಚಾಚಿದ ದೊಡ್ಡ ಟೊಂಗೆ, ಆಮೇಲೆ ಬುಡ ಎಂದು ಹೇಳಿ ನಾನು ಒಳಗೆ ಹೋದೆ. ನೋಡುತ್ತ ನಿಲ್ಲಲು ಆಗಲಿಲ್ಲ.

ಬಹಳ ಹೊತ್ತಾದರೂ ಕೊಡಲಿಯ ಸಪ್ಪಳವಿಲ್ಲ. ಹೊರಗೆ ಬಂದರೆ ಅವನು ಕಟ್ಟೆಯ ಮೇಲೆ ಕುಳಿತು ಎಲೆ ಅಡಿಕೆ ಹಾಕುತ್ತಿದ್ದ. ಆ ಟೊಂಗೆಯ ಮೇಲೆ ಸೊಸೆಯ ಒದ್ದೆ ಸೀರೆ ತೂಗುತ್ತಿತ್ತು.

"ಸೀರಿ ಒಣಗಿಂದ ಕಡೀಲಿ ಅತ್ತಿ," ಎಂದಳು.

ಆ ಸೀರೆ ಒಣಗುವಷ್ಟರಲ್ಲಿ ಕೌದಿ ತೊಯಿಸಿ ತಂದು ಹಾಕಿದಳು. ಕೌದಿ ಆದ ಮೇಲೆ ನನ್ನ ಎರಡು ಸೀರೆ. ಅವು ನಿನ್ನೆಯಷ್ಟೇ ಒಗೆದವು. ಹೆಂಗಸರ ಸೀರೆ ಮುಟ್ಟಲು ಆ ಗಂಡಸಿಗೆ ಸಂಕೋಚ. ಸಂಜೆಯಾಗುತ್ತಲೇ ಕೊಡಲಿ ಹೆಗಲಿಗೆ ಹಾಕಿಕೊಂಡು, "ನಿಮ್ಮ ಮನ್ಯಾಗಿನ ಅರಬಿ ಎಲ್ಲಾ ಒಣಗಿಂದ ಹೇಳಿ ಕಳಸ್ರಿ ಅಕ್ಕೋರ," ಎಂದು ಹೋದ.

ಸೊಸೆ ಬಾಯಲ್ಲಿ ಬೇಡ ಎನ್ನಲಿಲ್ಲ, ಅಳಲಿಲ್ಲ. ಅವಳ ಮೇಲೆ ಬಂದ ಸಿಟ್ಟಿಗೆ ನಾನು ರಾತ್ರಿ ಊಟ ಮಾಡಲಿಲ್ಲ. ಅವಳೂ ಮಾಡಲಿಲ್ಲ.

೨೧ ಏಪ್ರಿಲ್

ಗಿಡ ಮೈತುಂಬ ಚಿಗುರಿ ಹೂ ಬಿಟ್ಟಿದೆ. ನಾಚಿಕೆಯಿಲ್ಲದ್ದು. ಹಚ್ಚಿದವನು ಮಣ್ಣಿಗೆ ಹೋಗಿದ್ದಾನೆ, ಇದಕ್ಕೆ ಹೂವಿನ ಸಡಗರ.

ಬಿಸಿಲು ಎಷ್ಟಿದೆಯೆಂದರೆ ಮಾಳಿಗೆಯ ಮನೆಯೊಳಗೂ ಕೂರಲಾಗುವುದಿಲ್ಲ. ಲೈಟು ಹೋಗಿತ್ತು. ಕೊನೆಗೆ ಹೊರಸನ್ನು ಗಿಡದ ಕೆಳಗೇ ಹಾಕಿದೆ, ಅವನನ್ನು ಮಲಗಿಸಿದ ಜಾಗ ಬಿಟ್ಟು ಆಚೆ. ಹೂವಿನ ವಾಸನೆಗೆ ನಿದ್ದೆ ಬಂದುಬಿಟ್ಟಿತು. ಎದ್ದಾಗ ಮೈಮೇಲೆಲ್ಲ ಸಣ್ಣ ಬಿಳಿ ಹೂ, ಕೊರಳಿಗೊಂದು ಕೆಂಜಿಗ.

ಓಣಿಯ ಹೆಂಗಸರು ಎಂದಿನಂತೆ ಶಾವಿಗೆ ಹೊಸೆಯಲು ಇಲ್ಲಿಗೇ ಬರುತ್ತಾರೆ. ಊರಲ್ಲಿ ಇಷ್ಟು ತಂಪು ನೆರಳು ಬೇರೆಲ್ಲೂ ಇಲ್ಲವಂತೆ. ಸೊಸೆ ನೀರಿನ ತಂಬಿಗೆ ತಂದಿಟ್ಟರೆ ಮಾತು ನಿಲ್ಲಿಸುತ್ತಾರೆ, ಅವಳ ಬರಿಯ ಹಣೆ ನೋಡಿ ಆಮೇಲೆ ನನ್ನ ಹಣೆ ನೋಡುತ್ತಾರೆ. ಆಡು ಕಾಯುವ ಲಗಮವ್ವ ಮಾತ್ರ ಬಾಯಿ ಬಿಟ್ಟಳು.

"ಹುಡುಗಿ ಸಣ್ಣದೈತ್ರಿ ಅಕ್ಕೋರ. ಮುಂದ ಹೆಂಗ?"

"ನಾ ಹೆಂಗಿದ್ನೋ ಹಂಗ," ಎಂದೆ.

ಬಾಳುವಿನ ಅಪ್ಪ ತೀರಿಕೊಂಡಾಗ ನನಗೆ ಇಪ್ಪತ್ತಾರು. ನಮ್ಮಲ್ಲಿ ಉಡಕಿ ಉಂಟು. ಗಂಡ ಸತ್ತವಳಿಗೆ ಹೊಸ ಸೀರೆ ಉಡಿಸಿ ಇನ್ನೊಂದು ಮನೆಗೆ ಕಳಿಸುತ್ತಾರೆ. ನನ್ನ ಅಣ್ಣನೂ ಅದಕ್ಕೇ ಬಂದಿದ್ದ. ನಾನು ಒಲ್ಲೆ ಎಂದೆ. ಮುಲ್ಕಿ ಪರೀಕ್ಷೆ ಪಾಸಾಗಿತ್ತು, ಮಾಸ್ತರಿಕೆ ಹಿಡಿದೆ, ಮಗನನ್ನು ಬೆಳೆಸಿದೆ. ಮುಂದಿನ ವರ್ಷದಿಂದ ಅಣ್ಣ ನಾಗರ ಪಂಚಮಿಗೂ ಕರೆಯಲು ಬರಲಿಲ್ಲ. ಆದರೂ ನಾನು ಬದುಕಿದೆನಲ್ಲ. ಇವಳೂ ಬದುಕುತ್ತಾಳೆ.

ನನ್ನ ಮಡಿಲಲ್ಲಿ ಬಾಳು ಇದ್ದ, ಇವಳ ಮಡಿಲಲ್ಲಿ ಏನೂ ಇಲ್ಲ. ಇದನ್ನು ಲಗಮವ್ವ ಹೇಳಲಿಲ್ಲ. ನಾನೇ ಯಾಕೆ ಬರೆದೆನೋ.

೭ ಜುಲೈ

ಈಗ ಹಣ್ಣಿನ ಕಾಟ. ಕಾಲಿಟ್ಟಲ್ಲೆಲ್ಲ ಬೇವಿನ ಹಣ್ಣು ಪಿಚಕ್ಕೆನ್ನುತ್ತದೆ. ನೊಣ, ಇರುವೆ, ಒಂಥರ ಹುಳಿವಾಸನೆ. ಬಿದ್ದ ಬೀಜಗಳೆಲ್ಲ ಮೊಳೆತು ಅಂಗಳದ ತುಂಬ ಸಸಿ ಎದ್ದಿವೆ. ದಿನಾ ಕಿತ್ತು ಎಸೆಯುವುದೇ ಕೆಲಸ.

ಸೊಸೆ ರೊಟ್ಟಿ ಚೆನ್ನಾಗಿ ಮಾಡಲು ಕಲಿತಿದ್ದಾಳೆ. ಮೊದಲು ಅಂಚು ಸೀಳುತ್ತಿತ್ತು.

೨ ಆಗಸ್ಟ್, ಶುಕ್ರವಾರ

ಕೊಕಟನೂರಿನಿಂದ ಸೊಸೆಯ ಅಣ್ಣ ಅಣ್ಣಾಸಾಬ ಬಂದಿದ್ದ. ಪಂಚಮಿಗೆ ಕರೆಯಲು.

ಶಾಲೆಯಿಂದ ಬಂದಾಗ ಅವನು ಗಿಡದ ಕೆಳಗೆ ಕುಳಿತು ಚಹಾ ಕುಡಿಯುತ್ತಿದ್ದ. ಪಡಸಾಲೆಯಲ್ಲಿ ಅವಳ ಚೀಲ ಕಟ್ಟಿಟ್ಟಿತ್ತು. ಆ ಚೀಲ ನೋಡಿ ಹೊಸ್ತಿಲಲ್ಲೇ ನಿಂತೆ. ಹೆಣ್ಣುಮಕ್ಕಳು ಪಂಚಮಿಗೆ ತವರಿಗೆ ಹೋಗುವುದು ಎಲ್ಲ ಕಡೆ ಇದ್ದದ್ದೇ. ಇವಳೂ ಕಳೆದ ಎರಡು ವರ್ಷ ಹೋಗಿ, ಉಂಡಿ ಕಟ್ಟಿಸಿಕೊಂಡು, ಜೋಕಾಲಿ ಆಡಿ ಬಂದವಳು. ಆಗ ಬಾಳು ಹೋಗಿ ಕರೆತರುತ್ತಿದ್ದ. ಈಗ ಯಾರು ಕರೆತರುತ್ತಾರೆ? ಒಮ್ಮೆ ಹೋದರೆ ಅವರು ಉಡಕಿ ಮಾಡಿಬಿಡುತ್ತಾರೆ. ಈ ಮನೆಯಲ್ಲಿ ನಾನು ಮತ್ತು ಕಾಗೆ ಉಳಿಯುತ್ತೇವೆ.

"ಹಬ್ಬ ಮುಗದ ಮ್ಯಾಲ ನಾನ ತಂದ ಬಿಡ್ತೇನ್ರಿ ಅಕ್ಕೋರ," ಎಂದ ಅಣ್ಣಾಸಾಬ.

"ವರ್ಷ ತುಂಬಿಲ್ಲ. ಸೂತಕದ ಮನಿ ಬಿಟ್ಟ ಹಬ್ಬಕ್ಕ ಹೆಂಗ ಕಳಸ್ಲೆಪಾ?"

"ಅವ್ವ ದಾರಿ ಕಾಯಾಕತ್ತಾಳ್ರಿ. ನಿಮ್ಮ ಸಂಕಟ ನಮಗ ತಿಳಿತೈತಿ. ಖರೇ, ಅಕಿ ನಮ್ಮ ಮನಿ ಹುಡುಗೀನೂ ಹೌದಲ್ರಿ."

"ಇಲ್ಲೇ ಪಂಚಮಿ ಮಾಡತೇನಿ," ಎಂದೆ. ಬಾಯಿಗೆ ಬಂದದ್ದು ಅಂದುಬಿಟ್ಟೆ. "ಅಕಿಗೆ ಇಲ್ಲೇ ಜೋಕಾಲಿ ಕಟ್ಟಸ್ತೇನಿ."

ಅಣ್ಣಾಸಾಬ ತಲೆಯೆತ್ತಿ ಟೊಂಗೆ ನೋಡಿದ, ತಂಗಿಯನ್ನು ನೋಡಿದ. ಅವಳು ಚೀಲ ಬಿಚ್ಚಿ ಸೀರೆಗಳನ್ನು ಒಂದೊಂದಾಗಿ ಗೂಟಕ್ಕೆ ಹಾಕಿದಳು. ಅವನು ಸಂಜೆಯ ಬಸ್ಸಿಗೆ ಹೋದ. ಗೆದ್ದೆ ಎನ್ನಿಸಿತು, ಸಂತೋಷವಾಗಲಿಲ್ಲ.

ಪಂಚಮಿಯ ದಿನ, ಆಗಸ್ಟ್ ೧೯೯೧

ಕೊಟ್ಟ ಮಾತು ನಡೆಸಬೇಕಲ್ಲ. ಲಗಮವ್ವನ ಮಗ ಹಾಲಸಿದ್ದನನ್ನು ಕರೆದು ಜೋಕಾಲಿ ಕಟ್ಟು ಎಂದೆ. ಅವನು ಹಗ್ಗ ಕೇಳಿದ. ನಮ್ಮಲ್ಲಿ ಗಟ್ಟಿ ಹಗ್ಗವೆಂದರೆ ಒಂದೇ, ಕಬ್ಬಿನ ಹೇರು ಬಿಗಿಯುವುದು. ಟ್ರ್ಯಾಕ್ಟರ್ ಜೊತೆಗೆ ಮಗುಚಿ ಬಂದದ್ದು. ಕಾಲುವೆಯ ಕೆಸರು ಇನ್ನೂ ಅದರಲ್ಲಿ ಒಣಗಿತ್ತು. ಅದನ್ನು ಅಟ್ಟದಿಂದ ಇಳಿಸಿ ತಂದವಳು ಸೊಸೆ ಸುಗಂಧಾ. ತಾನೇ ಹೌದಿನ ಬಳಿ ಕುಳಿತು ಕಲ್ಲಿಗೆ ಉಜ್ಜಿ ತೊಳೆದಳು. ನಾನು ಆಚೆ ಮುಖ ಮಾಡಿ ನಿಂತೆ.

ಗೋಡೆಯ ನಾಗಪ್ಪನಿಗೆ ಹಾಲು ಎರೆದೆವು. ಎರೆಯುವಾಗ ಮನೆಯವರೆಲ್ಲರ ಹೆಸರು ಹೇಳಿ ಅವರವರ ಪಾಲು ಎರೆಯುವುದು ಪದ್ಧತಿ. ದೇವರ ಪಾಲು, ಹಿರಿಯರ ಪಾಲು ಎಂದು ನಾನು ಎರೆದೆ. ಬಾಳುವಿನ ಹೆಸರಿಗೆ ಬಂದಾಗ ನಾಲಿಗೆ ಏಳಲಿಲ್ಲ. ಸತ್ತವರನ್ನು ಹಿರಿಯರಲ್ಲಿ ಸೇರಿಸಬೇಕು. ಇಪ್ಪತ್ನಾಲ್ಕರ ಹುಡುಗ ಯಾವ ಹಿರಿಯ? ಸುಗಂಧಾ ನನ್ನ ಕೈಯಿಂದ ಬಟ್ಟಲು ತೆಗೆದುಕೊಂಡು, "ಅವರ ಪಾಲು," ಎಂದು ಎರೆದಳು. ಆಮೇಲೆ, "ಅತ್ತಿ ಪಾಲು." ತನ್ನ ಪಾಲು ಎರೆದುಕೊಳ್ಳಲಿಲ್ಲ. ಹೇಳಲು ನನಗೂ ಹೊಳೆಯಲಿಲ್ಲ, ಈಗ ಬರೆಯುವಾಗ ನೆನಪಾಯಿತು.

ಮಧ್ಯಾಹ್ನ ಲಗಮವ್ವ ಆಡುಗಳಿಗೆ ಸೊಪ್ಪು ಬೇಡಲು ಬಂದವಳು ಜೋಕಾಲಿ ನೋಡಿ ಬಾಯಿ ಮೇಲೆ ಕೈ ಇಟ್ಟುಕೊಂಡಳು.

"ಸೊಸಿಗೆ ಯಾರರ ಜೋಕಾಲಿ ಕಟ್ತಾರೇನ್ರಿ ಅಕ್ಕೋರ? ಮಗಳಿಗೆ ಕಟ್ತಾರ."

"ಮಗಳ ಅಂತ ತಿಳಕೋ."

"ನಾ ತಿಳಕೋತೇನಿ. ನೀವ ತಿಳಕೊಂಡೀರೇನ? ಮಗಳ ಅಂದ್ರ ಒಂದ ದಿನಾ ಕೊಟ್ಟ ಕಳಸೂದೂ ಬರ್ತೈತ್ರಿ."

"ಸೊಪ್ಪ ಬೇಕಾದ್ರ ತಗೊಂಡ ಹೋಗ. ಹಬ್ಬದ ದಿನಾ ತಲಿ ತಿನಬ್ಯಾಡ," ಎಂದು ಗದರಿಸಿದೆ. ಎರಡು ಟೊಂಗೆ ಸೊಪ್ಪೂ ಕೊಟ್ಟೆ, ಒಂದು ಶೇಂಗಾ ಉಂಡಿಯನ್ನೂ ಕೊಟ್ಟೆ.

ಸುಗಂಧಾ ಜೋಕಾಲಿಯ ಹತ್ತಿರ ಹೋಗಲೇ ಇಲ್ಲ. ನನ್ನಂಥವರು ಆಡಬಾರದು ಅತ್ತಿ ಎಂದಳು. ಓಣಿಯ ಕಣ್ಣಿಗೆ ಬೀಳದ ಹಾಗೆ ಅಂಗಳದ ಬಾಗಿಲು ಹಾಕಿ ಬಂದು, ರಟ್ಟೆ ಹಿಡಿದು ಕೂರಿಸಿದೆ. ನಾನೇ ಹಿಂದೆ ನಿಂತು ಜೀಕಿದೆ. ಮೊದಲು ಹಗ್ಗ ಬಿಗಿ ಹಿಡಿದು ಕಲ್ಲಿನ ಹಾಗೆ ಕುಳಿತಿದ್ದಳು. ನಾಲ್ಕಾರು ಸಲ ಹೋಗಿ ಬಂದ ಮೇಲೆ ಕಾಲು ಚಾಚಿದಳು. ಆಮೇಲೆ ಕಾಲಿಗೆ ಎಲೆ ತಾಗುವಷ್ಟು ಮೇಲೆ ಹೋದಾಗ ನಕ್ಕುಬಿಟ್ಟಳು.

ಈ ಮನೆಯಲ್ಲಿ ನಗು ಕೇಳದೆ ಎಷ್ಟು ಕಾಲವಾಗಿತ್ತು. ನನಗೆ ಉರಿದುಹೋಯಿತು. ನನ್ನ ಮಗ ಮಣ್ಣಲ್ಲಿದ್ದಾನೆ, ಅವನ ಗಿಡಕ್ಕೆ, ಅವನ ಹಗ್ಗಕ್ಕೆ ತೂಗುತ್ತ ಇವಳು ನಗುತ್ತಾಳೆ ಎಂದು. ನಿಲ್ಲಿಸಬೇಕೆಂದೇ ಕೈ ಚಾಚಿದೆ. ಆದರೆ ಹಿಂದೆ ಬಂದವಳನ್ನು ಮೊದಲಿಗಿಂತ ಜೋರಾಗಿ ಜೀಕಿದೆ. ಮತ್ತೆ ನಕ್ಕಳು. ತೋಳು ನೋಯುವ ತನಕ ಜೀಕಿದೆ.

ಈಗ ನನ್ನ ಎಡತೋಳಿಗೆ ಎಣ್ಣೆ ತಿಕ್ಕುತ್ತ ಕುಳಿತಿದ್ದಾಳೆ. ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ.

೧೫ ಸೆಪ್ಟೆಂಬರ್

ಕಿತ್ತೆಸೆದ ಸಸಿಗಳಲ್ಲಿ ಒಂದನ್ನು ಸುಗಂಧಾ ಹಳೆಯ ಡಾಲ್ಡಾ ಡಬ್ಬಿಯಲ್ಲಿ ನೆಟ್ಟು ಹೌದಿನ ಕಟ್ಟೆಯ ಮೇಲೆ ಇಟ್ಟಿದ್ದಾಳೆ. ಒಂದು ಗಿಡದ ಕಸವೇ ಸಾಕಾಗಿದೆ, ಇದೊಂದು ಯಾಕೆ ಎಂದು ಬೈದೆ. "ಇರ್ಲಿ ಬಿಡ್ರಿ, ಸಣ್ಣದೈತಿ," ಎಂದಳು. ಆ ಡಬ್ಬಿಯಲ್ಲಿ ನಾನು ಹುಣಸೆಹಣ್ಣು ಇಡುತ್ತಿದ್ದೆ.

೮ ಡಿಸೆಂಬರ್, ರವಿವಾರ

ಅಣ್ಣಾಸಾಬ ಮತ್ತೆ ಬಂದಿದ್ದ. ಈ ಸಲ ಸುತ್ತು ಬಳಸಲಿಲ್ಲ. ಕಾಗವಾಡದ ಹತ್ತಿರದ ಹಳ್ಳಿಯಲ್ಲಿ ಸಿದರಾಯ ಎಂಬ ಹುಡುಗನಿದ್ದಾನಂತೆ. ದ್ರಾಕ್ಷಿ ತೋಟ ಇದೆಯಂತೆ. ಹೆಂಡತಿ ತೀರಿಕೊಂಡು ಎರಡು ವರ್ಷವಾಯಿತಂತೆ, ಮಕ್ಕಳಿಲ್ಲವಂತೆ, ಕುಡಿಯುವುದಿಲ್ಲವಂತೆ.

"ವರ್ಷಾ ತುಂಬಿಂದ ಉಡಕಿ ಮಾಡೂನ ಅಂತ ಹೇಳ್ಯಾರ್ರಿ. ನೀವು ಹೂಂ ಅಂದ್ರ ಅಷ್ಟ. ನಿಮ್ಮನ್ನ ಬಿಟ್ಟ ಬರೂದಿಲ್ಲ ಅಂತಾಳ ಅಕಿ."

"ಬರೂದಿಲ್ಲ ಅಂದಾಳಲ್ಲ, ಮತ್ತ್ಯಾಕ ಕೇಳ್ತಿ?" ಎಂದೆ. "ನನ್ನ ಮಗನ ಮಣ್ಣ ಇನ್ನೂ ಆರಿಲ್ಲ. ನಿಮಗ ಲಗ್ನದ ಅಕ್ಷತಾ ನೆನಪಾತೇನ?"

ಅವನು ತಲೆ ತಗ್ಗಿಸಿ ಎದ್ದು ಹೋದ. ಒಳ್ಳೆಯ ಹುಡುಗ. ಇಡೀ ದಿನ ಸುಗಂಧಾ ನನ್ನ ಮುಖ ನೋಡಲಿಲ್ಲ. ನಾನೂ ಅವಳ ಮುಖ ನೋಡಲಿಲ್ಲ.

ಜನವರಿ ೧೯೯೨

ವರ್ಷಾಂತಿಕ ಮುಗಿಯಿತು. ಬರೆಯುವುದೇನೂ ಇಲ್ಲ. ಕಬ್ಬಿನ ಟ್ರ್ಯಾಕ್ಟರ್‌ಗಳು ದಿನವಿಡೀ ರಸ್ತೆಯಲ್ಲಿ ಓಡಾಡುತ್ತಿವೆ. ಒಂದೊಂದು ಬಂದಾಗಲೂ ಇಬ್ಬರೂ ಮಾತು ನಿಲ್ಲಿಸುತ್ತೇವೆ.

೧೬ ಫೆಬ್ರುವರಿ ೧೯೯೨, ರವಿವಾರ

ಮತ್ತೆ ಎಲೆ ಉದುರುವ ಕಾಲ.

ಬೆಳಗ್ಗೆ ಹೊರಗೆ ಯಾರೋ ಬೈಯುವುದು ಕೇಳಿ ಎಚ್ಚರವಾಯಿತು. "ನಾಚಿಕಿಗೇಡಿ ಗಿಡಾ! ನಿನ್ನ ಚಾಕ್ರಿ ಮಾಡಿ ಮಾಡಿ ನನ್ನ ನಡಾ ಹೋತು. ಕಡಿಸಿ ಒಲಿಗೆ ಹಾಕತೇನಿ ನೋಡ." ನನ್ನ ಮಾತುಗಳೇ. ನಾನು ದಿನಾ ಬೈಯುವ ಬೈಗುಳ, ಹೆಚ್ಚಿಲ್ಲ ಕಡಿಮೆಯಿಲ್ಲ. ಒಂದು ಕ್ಷಣ ನಾನೇ ಅಂಗಳದಲ್ಲಿದ್ದೇನೆ, ಹಾಸಿಗೆಯಲ್ಲಿ ಮಲಗಿರುವುದು ಬೇರೆ ಯಾರೋ ಎನ್ನಿಸಿತು.

ಎದ್ದು ಕಿಟಕಿಯಲ್ಲಿ ನೋಡಿದೆ. ಸುಗಂಧಾ ಕಸಬರಿಗೆ ಹಿಡಿದು, ಎಡಗೈ ಸೊಂಟಕ್ಕೆ ಕೊಟ್ಟು, ಗಿಡದ ಕಡೆ ಮುಖ ಮಾಡಿ ನಿಂತಿದ್ದಳು. ನಾನು ನಿಲ್ಲುವ ಹಾಗೆಯೇ. ನನ್ನದೇ ಹಳೆಯ ಬೂದು ಸೀರೆ ಉಟ್ಟಿದ್ದಳು; ಕೆಲಸಕ್ಕೆ ಇರಲಿ ಎಂದು ನಾನೇ ಕೊಟ್ಟದ್ದು. ಬೆನ್ನು ಸ್ವಲ್ಪ ಬಾಗಿತ್ತು.

ನನಗೆ ನಲವತ್ತೊಂಬತ್ತು. ಅವಳಿಗೆ ಇಪ್ಪತ್ತೊಂದು.

ನಾನು ಬದುಕಿದೆನಲ್ಲ ಎಂದು ಎಲ್ಲರಿಗೂ ಹೇಳುತ್ತ ಬಂದಿದ್ದೇನೆ. ಹೇಗೆ ಬದುಕಿದೆ ಎಂದು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಸಂಜೆ ಶಾಲೆ ಬಿಟ್ಟು ಬಂದು ಬಾಗಿಲು ಹಾಕಿಕೊಂಡರೆ, ಮಲಗಿದ ಮಗುವಿನ ಎದುರು ಗೋಡೆ ನೋಡುತ್ತ ಕೂರುವುದು. ಪಂಚಮಿ ಬಂದರೆ ಕಿವಿಗೆ ಸೆರಗು ಬಿಗಿದುಕೊಳ್ಳುವುದು, ಓಣಿಯ ಹುಡುಗಿಯರ ನಗು ಕೇಳಬಾರದೆಂದು. ಅದನ್ನೇ ಇವಳಿಗೆ ಕೊಡಲು ಹೊರಟಿದ್ದೆನೇ? ಅದೂ ಮಗುವೂ ಇಲ್ಲದೆ?

ಮಧ್ಯಾಹ್ನ ಶಾಲೆಯ ಕೆಲಸ ಎಂದು ಸುಳ್ಳು ಹೇಳಿ ಹೊರಬಿದ್ದು, ಕೊಕಟನೂರಿನ ಕಡೆ ಹೋಗುವವರ ಕೈಯಲ್ಲಿ ಅಣ್ಣಾಸಾಬನಿಗೆ ಬಾ ಎಂದು ಹೇಳಿ ಕಳಿಸಿದೆ. ದಾರಿಯುದ್ದಕ್ಕೂ ಅತ್ತೆ. ನಾಳೆ ತಲೆ ನೋವು ಬಂದೇ ಬರುತ್ತದೆ.

೨೨ ಮಾರ್ಚ್, ರವಿವಾರ

ಕಳಿಸಿದೆ.

ಸಿದರಾಯನ ಜೊತೆ ಉಡಕಿ ಕೊಕಟನೂರಿನಲ್ಲಿ, ಕತ್ತಲಾದ ಮೇಲೆ, ವಾಲಗವಿಲ್ಲದೆ. ಅದೇ ಪದ್ಧತಿ. ಮೊದಲ ಗಂಡನ ತಾಯಿ ಅಲ್ಲಿ ಇರಬಾರದು, ಅದೂ ಪದ್ಧತಿ. ಅದಕ್ಕೆ ನನ್ನ ಪಾಲಿನದನ್ನು ಇಲ್ಲೇ ಮಾಡಿ ಮುಗಿಸಿದೆ.

ಎರಡು ವಾರದಿಂದ ಅವಳು ಅತ್ತು ಹಟ ಮಾಡಿದ್ದಾಯಿತು, ಊಟ ಬಿಟ್ಟದ್ದಾಯಿತು. "ನನ್ನ ಹೊರಗ ಹಾಕ್ತೀರಿ," ಎಂದಳು. "ಮಗಳನ್ನ ಕೊಡಾಕತ್ತೇನಿ, ಹೊರಗ ಹಾಕೂದಿಲ್ಲ," ಎಂದೆ. ಇಷ್ಟು ಹೇಳಲು ನಾನು ಎಷ್ಟು ಸಲ ಒಳಗೊಳಗೇ ಹೇಳಿಕೊಂಡಿದ್ದೆನೋ.

ತವರಿನಿಂದ ಹೋಗುವ ಮಗಳಿಗೆ ಉಡಿ ತುಂಬಬೇಕು. ವಿಧವೆಯ ಕೈ ಆಗದು ಎಂದು ಲಗಮವ್ವನನ್ನು ಕರೆದಿದ್ದೆ. ಗಂಡ ಇರುವವಳು, ಮೊಮ್ಮಕ್ಕಳು ಇರುವವಳು. ಅಕ್ಕಿ, ಕೊಬ್ಬರಿ, ಅರಿಷಿಣದ ಕೊಂಬು ಎಲ್ಲ ಮೊರದಲ್ಲಿ ಜೋಡಿಸಿ, ಗಿಡದ ಕೆಳಗೆ ಮಣೆ ಹಾಕಿ, ಕೈ ಹಿಂದೆ ಕಟ್ಟಿಕೊಂಡು ದೂರ ನಿಂತೆ. ಸುಗಂಧಾ ಮಣೆಯ ಮೇಲೆ ಕುಳಿತಳು, ಸೆರಗು ಮಾತ್ರ ಒಡ್ಡಲಿಲ್ಲ.

"ನೀವ ತುಂಬ್ರಿ," ಎಂದಳು ನನಗೆ.

"ನನ್ನ ಕೈ ಬ್ಯಾಡವ. ನಿನ್ನ ಮುಂದಿನ ದಿನಾ ಚೊಲೊ ಆಗಬೇಕ."

"ಹಂಗಾದ್ರ ಬರೀ ಉಡಿ ತಗೊಂಡ ಹೋಗ್ತೇನಿ."

ಲಗಮವ್ವ ಮೊರವನ್ನು ನನ್ನ ಕೈಗೆ ಕೊಟ್ಟಳು. "ತುಂಬ್ರಿ ಅಕ್ಕೋರ. ತಾಯಿ ಕೈಗೆ ಎಂಥಾ ದೋಷಾ?" ಎಂದು ಆಚೆ ತಿರುಗಿ ಮೂಗು ಸೀಟಿದಳು.

ತುಂಬಿದೆ. ತುಸು ಅಕ್ಕಿ ನೆಲಕ್ಕೆ ಚೆಲ್ಲಿತು. ಬಾಳುವನ್ನು ಮಲಗಿಸಿದ ಜಾಗ ಅದು. ಬೇರೆ ಕಡೆ ಮಣೆ ಹಾಕೋಣವೆಂದಿದ್ದೆ, ನೆರಳು ಅಲ್ಲೇ ಇತ್ತು.

ಬಸ್ಸು ಹತ್ತುವಾಗ ಅಣ್ಣಾಸಾಬ ನನ್ನ ಕಾಲು ಮುಟ್ಟಿದ. ಅವಳು ಮುಟ್ಟಲಿಲ್ಲ. ತಬ್ಬಿಕೊಂಡಳು. ಬಿಡಿಸಿದವಳು ನಾನೇ.

೨೯ ಮಾರ್ಚ್

ಕಸ ಹೊಡೆದೆ. ನಡ ನೋವು. ಹೌದಿನ ಕಟ್ಟೆಯ ಮೇಲಿದ್ದ ಡಾಲ್ಡಾ ಡಬ್ಬಿ ಕಾಣುತ್ತಿಲ್ಲ. ಲಗಮವ್ವನ ಆಡುಗಳದೇ ಕೆಲಸ, ಕೆಡವಿ ಎಲ್ಲಿಗೋ ಉರುಳಿಸಿವೆ.

೧೨ ಏಪ್ರಿಲ್

ಹೂ. ಹೊರಸು ಹಾಕಿದೆ. ನಿದ್ದೆ ಬರಲಿಲ್ಲ.

ರೊಟ್ಟಿ ಎರಡು ಸಾಕು, ಕೈ ತಪ್ಪಿ ನಾಲ್ಕು ತಟ್ಟುತ್ತೇನೆ. ಉಳಿದವು ಕಾಗೆಗೆ.

೧ ಆಗಸ್ಟ್ ೧೯೯೨, ಶನಿವಾರ

ಪಂಚಮಿಗೆ ಮಗಳನ್ನು ಕರೆಯಲು ಅಣ್ಣನೋ ತಮ್ಮನೋ ಹೋಗಬೇಕು. ಈ ಮನೆಯಲ್ಲಿ ಯಾರಿದ್ದಾರೆ? ನಾನೇ ಹೊರಟೆ. ಈ ವರ್ಷದ ಹಬ್ಬಕ್ಕೆ ನಮ್ಮೂರು ಪಾಲಬಾವಿಗೆ ಕಳಿಸೋಣವೆಂದು ಅಣ್ಣಾಸಾಬ ತಾನಾಗಿಯೇ ಒಪ್ಪಿದ್ದ. ಹಾಲಸಿದ್ದ ನಿನ್ನೆಯೇ ಜೋಕಾಲಿ ಕಟ್ಟಿದ್ದಾನೆ. ಉಂಡಿ ಕಟ್ಟಿಟ್ಟು, ಒಂದು ಡಬ್ಬಿ ಜೊತೆಗೆ ತೆಗೆದುಕೊಂಡು, ಅಥಣಿಗೆ ಹೋಗಿ ಅಲ್ಲಿಂದ ಕಾಗವಾಡದ ಬಸ್ಸು ಹಿಡಿದೆ. ಹೊಳೆ ದಾಟುವಾಗ ಮೈಯೆಲ್ಲ ಹಗುರಾಗಿತ್ತು. ಬರುವಾಗ ಅವಳಿಗೆ ಕಿಟಕಿಯ ಕಡೆ ಜಾಗ ಕೊಡಬೇಕು ಎಂದೆಲ್ಲ ಯೋಚಿಸಿದ್ದೆ.

ತೋಟದ ಮನೆ. ಸುತ್ತ ದ್ರಾಕ್ಷಿಯ ಸಾಲು, ಅಂಗಳ ಮಾತ್ರ ಬಟಾಬಯಲು, ಬಿಸಿಲು ಕುಣಿಯುತ್ತಿತ್ತು. ಸಿದರಾಯ ತೋಟದಲ್ಲಿದ್ದನಂತೆ. ಅವನ ತಾಯಿ ಅರ್ಧ ಮರಾಠಿ ಅರ್ಧ ಕನ್ನಡ ಆಡುವವಳು. "ಯಾ ಯಾ, ಬರ್ರಿ ಬಾಈ. ಎಲ್ಲಿಂದ ಬಂದ್ರಿ?" ಎಂದಳು.

"ಸುಗಂಧಾನ ತವರಮನಿಯಿಂದ ಬಂದೇನ್ರಿ. ಪಂಚಮಿಗೆ ಕರ್ಕೊಂಡ ಹೋಗಾಕ."

ಕೊಕಟನೂರಿನವಳಲ್ಲ ಎಂದು ಅವಳಿಗೆ ಗೊತ್ತಾಗಲು ಹೊತ್ತು ಹಿಡಿಯಲಿಲ್ಲ. ಮುಖ ಸಣ್ಣಗಾಯಿತು. ಕೆಟ್ಟವಳಲ್ಲ, ನನ್ನ ಕೈ ಹಿಡಿದುಕೊಂಡೇ ಹೇಳಿದಳು.

"ಮನಸಿಗೆ ಹಚ್ಕೋಬ್ಯಾಡ್ರಿ ಬಾಈ. ಹುಡುಗಿಗೆ ದಿನಾ ಹೋಗ್ಯಾವ. ಇಂಥಾದ್ರಾಗ ಮೊದಲಿನ ಗಂಡನ ಮನಿಗೆ, ಅದೂ ಅಂವಾ ಹಚ್ಚಿದ ಗಿಡದ ಬುಡಕ ಹೆಂಗ ಕಳಸೂದು? ವಯಸಿನ್ಯಾಗ ಹ್ವಾದಾವ್ರು ಅಂಥಾ ಗಿಡಾ ಬಿಟ್ಟ ಹೋಗೂದಿಲ್ಲ ಅಂತಾರ್ರಿ. ನಮಗ ಒಂದ ಹೆದರಿಕಿ."

ನನ್ನ ಬಾಳುವಿಗೆ ಹೆದರುತ್ತಾರೆ. ಇರುವೆ ಸಾಲು ಅಡ್ಡ ಬಂದರೆ ದಾಟಿ ಕಾಲಿಡುತ್ತಿದ್ದ ಹುಡುಗನಿಗೆ. ಬಾಯಿ ತುದಿಗೆ ಮಾತು ಬಂದಿತ್ತು. ಬಸುರಿ ಹುಡುಗಿ ಬಾಗಿಲಲ್ಲಿ ನಿಂತಿದ್ದಳು, ನುಂಗಿಕೊಂಡೆ.

ಸುಗಂಧಾ ತುಸು ಮೈ ತುಂಬಿಕೊಂಡಿದ್ದಾಳೆ. ಹಸಿರು ಸೀರೆ, ಕೈತುಂಬ ಬಳೆ, ಹಣೆಯ ಮೇಲೆ ಕುಂಕುಮ. ನೋಡಿ ನನ್ನ ಹೊಟ್ಟೆ ತಂಪಾಯಿತು, ಅದೇ ಹೊತ್ತಿಗೆ ಯಾರೋ ಅದೇ ಹೊಟ್ಟೆಗೆ ಒದ್ದ ಹಾಗೂ ಆಯಿತು. ನನ್ನನ್ನು ಕರೆಯಲು ಬಾಯಿ ತೆರೆದಳು. ಅತ್ತಿ ಎನ್ನಬೇಕು, ಆದರೆ ಆ ಹೆಸರಿನವರು ಪಕ್ಕದಲ್ಲೇ ಇದ್ದರು. ಏನೂ ಕರೆಯದೆ ಹತ್ತಿರ ಬಂದಳು.

"ಕಸಾ ಯಾರ ಹೊಡೀತಾರ್ರಿ?" ಎಂದಳು.

"ನಾನ ಹೊಡೀತೇನಿ. ಮತ್ತ್ಯಾರ ಅದಾರ?"

"ನಡಾ ನೋಯಿಸ್ಕೋಬ್ಯಾಡ್ರಿ. ದಿನಾ ಹೊಡೀದಿದ್ರ ಏನಾಕ್ಕೈತಿ."

ಅಷ್ಟೇ ಮಾತು. ಉಂಡಿಯ ಡಬ್ಬಿ ಕೊಟ್ಟು ಎದ್ದೆ. ಅಂಗಳ ದಾಟುವಾಗ ಮೂಲೆಯಲ್ಲಿ ಮುಳ್ಳಿನ ಬೇಲಿ ಕಟ್ಟಿದ ಒಂದು ಸಸಿ ಕಂಡಿತು. ಮೊಣಕಾಲೆತ್ತರ. ಪಕ್ಕದಲ್ಲಿ ತುಕ್ಕು ಹಿಡಿದ ಡಾಲ್ಡಾ ಡಬ್ಬಿ, ತಳ ಕತ್ತರಿಸಿದ್ದು.

ನಾನು ನಿಂತದ್ದು ನೋಡಿ ಸಿದರಾಯನ ತಾಯಿ ನಕ್ಕಳು. "ಇದೊಂದ ನೋಡ್ರಿ. ಬಂದಾಗಿಂದ ಇದರದ ಚಾಕ್ರಿ. ಎಲ್ಲಿಂದ ತಂದಾಳೋ. ಅಂಗಳದಾಗ ಗಿಡಾ ಆದ್ರ ಕಸಾ ಎಷ್ಟ ಬೀಳ್ತೈತಿ, ನೀವ ಹೇಳ್ರಿ."

ಸುಗಂಧಾ ನನ್ನನ್ನೇ ನೋಡುತ್ತಿದ್ದಳು.

"ಕಸಾ ಭಾಳ ಬೀಳ್ತೈತ್ರಿ," ಎಂದೆ. "ಹಣ್ಣ ಬೀಳ್ತಾವ, ಕಾಗಿ ಬರ್ತಾವ. ಆದ್ರೂ ಇರ್ಲಿ. ಕೂಸ ಮಲಗಸಾಕ ಅಂಥಾ ನೆರಳ ಬ್ಯಾರೆ ಸಿಗೂದಿಲ್ಲ."

ಬಸ್ಸಿನಲ್ಲಿ ಕಿಟಕಿಯ ಕಡೆ ನಾನೇ ಕುಳಿತು ಬಂದೆ.

ಪಂಚಮಿಯ ದಿನ, ಆಗಸ್ಟ್ ೧೯೯೨

ಒಬ್ಬಳೇ ಹಾಲು ಎರೆದೆ. ದೇವರ ಪಾಲು, ಹಿರಿಯರ ಪಾಲು. ಬಾಳುವಿನ ಪಾಲು ಎನ್ನಲು ಈ ಸಲ ನಾಲಿಗೆ ಎದ್ದಿತು. ಆಮೇಲೆ ಮಗಳ ಪಾಲು ಎಂದು ಎರೆದೆ. ಬಟ್ಟಲಲ್ಲಿ ಇನ್ನೂ ತುಸು ಉಳಿದಿತ್ತು, ಅವಳ ಹೊಟ್ಟೆಯಲ್ಲಿರುವುದರ ಪಾಲನ್ನೂ ಎರೆದೆ. ನನ್ನ ಪಾಲಿಗೆ ಹಾಲು ಸಾಲಲಿಲ್ಲ.

ಲಗಮವ್ವ ಬಂದು ಬರಿಯ ಜೋಕಾಲಿ ನೋಡಿದಳು. "ಬಿಚ್ಚಸ್ಲೇನ್ರಿ ಅಕ್ಕೋರ? ಹಾಲಸಿದ್ದನ್ನ ಕಳಸ್ತೇನಿ," ಎಂದಳಷ್ಟೇ.

"ಬ್ಯಾಡ, ಇರ್ಲಿ," ಎಂದೆ. ಅವಳು ಹೋದ ಮೇಲೆ ಅಂಗಳದ ಬಾಗಿಲು ಹಾಕಿದೆ. ಜೋಕಾಲಿಯ ಮೇಲೆ ಕುಳಿತೆ. ಜೀಕುವವರು ಯಾರೂ ಇರಲಿಲ್ಲ, ಕಾಲು ನೆಲಕ್ಕೆ ತಾಗಿಸಿಕೊಂಡೇ ಇದ್ದೆ. ಅಲ್ಲೇ ಕುಳಿತು ಬಹಳ ಹೊತ್ತು ಅತ್ತೆ. ಗಾಳಿ ಬಂದಾಗಲೆಲ್ಲ ತಲೆಯ ಮೇಲೆ ಎಲೆ ಉದುರುತ್ತಿತ್ತು. ಬೈಯಲು ಮನಸ್ಸಾಗಲಿಲ್ಲ.

ಆಗ ನೋಡಿದೆ, ಹಗ್ಗ ಉಜ್ಜಿ ಉಜ್ಜಿ ಟೊಂಗೆಯ ತೊಗಟೆ ಕಿತ್ತುಬಂದಿದೆ. ನಾಳೆ ಹಾಲಸಿದ್ದನಿಗೆ ಹೇಳಿ ಅಲ್ಲಿಗೊಂದು ಗೋಣಿಚೀಲ ಸುತ್ತಿಸಬೇಕು. ಟೊಂಗೆ ಗಟ್ಟಿ ಉಳಿಯಬೇಕು. ಮುಂದಿನ ಪಂಚಮಿಗೂ ಹೋಗಿ ಕರೆಯುವವಳು ನಾನು.